ಬಿಳಿ ಕೋಟು ತೊಡುವ ಮೊದಲು ಬಿಲ್ಲಿನ ಪಾಠ

ಅಮೆರಿಕದ ಯಾವುದೋ ಊರಿನಲ್ಲಿ ಸಂಧಿವಾತದಿಂದ ನರಳುವ ರೋಗಿಗೆ ವೈದ್ಯರು ಹೊಸದೊಂದು ಚುಚ್ಚುಮದ್ದು ಬರೆದುಕೊಟ್ಟರು ಎಂದಿಟ್ಟುಕೊಳ್ಳಿ. ಚೀಟಿ ಔಷಧದ ಅಂಗಡಿ ತಲುಪಿದ ಮಾತ್ರಕ್ಕೆ ಮದ್ದು ಕೈಗೆ ಬರುವುದಿಲ್ಲ. ಮೊದಲು ವಿಮಾ ಕಂಪನಿಯ ಪೂರ್ವಾನುಮತಿ ಬೇಕು. ಆ ಮದ್ದು ಕಂಪನಿಯ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಇದ್ದರೆ ರೋಗಿ ಜೇಬಿನಿಂದ ಎಷ್ಟು ತೆರಬೇಕು ಎಂಬುದರಲ್ಲಿ ಔಷಧ ತಯಾರಕರೊಡನೆ ಚೌಕಾಸಿ ಮಾಡುವ ಮಧ್ಯವರ್ತಿ ಸಂಸ್ಥೆಯೊಂದರ ಕೈಯೂ ಇರುತ್ತದೆ. ‘ಮೊದಲು ಅಗ್ಗದ ಮದ್ದು ಕೊಟ್ಟು ನೋಡಿ, ಗುಣ ಕಾಣದಿದ್ದರೆ ಮತ್ತೆ ಕೇಳಿ’ ಎಂಬ ಉತ್ತರ ಬರಬಹುದು. ವೈದ್ಯರ ಕಚೇರಿಯವರು ಫೋನು ಹಿಡಿದು ಕೂರುತ್ತಾರೆ. ಅಷ್ಟರಲ್ಲಿ ರೋಗಿಯ ಬೆರಳಿನ ಗಂಟುಗಳು ಇನ್ನಷ್ಟು ಬಾತಿರುತ್ತವೆ.

ಅಂಗರಚನೆಯ ಪಾಠದಲ್ಲಾಗಲಿ, ಔಷಧಶಾಸ್ತ್ರದ ಪುಸ್ತಕದಲ್ಲಾಗಲಿ ಈ ಚೀಟಿಯ ಅಲೆದಾಟಕ್ಕೆ ವಿವರಣೆ ಸಿಗದು. ಹಾಗಾಗಿಯೇ ವೈದ್ಯರಾಗಲು ಹೊರಟ ಅಲ್ಲಿನ ಯುವಕ ಯುವತಿಯರಲ್ಲಿ ಕೆಲವರು, ಪದವಿ ಮುಗಿಸಿ ಮೆಡಿಕಲ್ ಕಾಲೇಜು ಸೇರುವ ಮುನ್ನ ಒಂದೆರಡು ವರ್ಷ ಬಿಡುವು ಮಾಡಿಕೊಂಡು ಬೇರೊಂದು ದಾರಿ ಹಿಡಿಯುತ್ತಾರೆ. ಆಸ್ಪತ್ರೆಗಳ ಲೆಕ್ಕಪತ್ರ ನೋಡುವ ಸಲಹಾ ಸಂಸ್ಥೆಗೋ, ವಿಮಾ ಕಂಪನಿಗೋ, ರಾಜ್ಯ ಸರ್ಕಾರದ ಆರೋಗ್ಯ ಇಲಾಖೆಗೋ, ವಾಷಿಂಗ್ಟನ್ನಿನ ಸಂಸದರ ಕಚೇರಿಗೋ ಕೆಲಸಕ್ಕೆ ಸೇರುತ್ತಾರೆ. ರೋಗದ ಪಾಠಕ್ಕೆ ಮೊದಲು ರೋಗಿಯ ಬಿಲ್ಲಿನ ಪಾಠ.

ಇಂಥ ಬಿಡುವಿನ ವರ್ಷ ವೈದ್ಯನನ್ನು ರೂಪಿಸುತ್ತದೆಯೇ, ಕೆಡಿಸುತ್ತದೆಯೇ, ಅಥವಾ ಬರಿದೆ ತಡಮಾಡುತ್ತದೆಯೇ? ವೈದ್ಯಶಿಕ್ಷಣದ ವಲಯದಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಬಗೆಬಗೆಯ ವಾದಗಳನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನ ಇಲ್ಲಿದೆ.

ಬಿಡುವಿನ ವರ್ಷ ಹುಟ್ಟಿದ ಬಗೆ

ನಮ್ಮಲ್ಲಿ ಪಿಯುಸಿ ಮುಗಿದ ಕೂಡಲೇ ಎಂಬಿಬಿಎಸ್. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಬಳಿಕ ನಾಲ್ಕು ವರ್ಷದ ಮೆಡಿಕಲ್ ಕಾಲೇಜು, ಅದಾದ ಮೇಲೆ ಮೂರರಿಂದ ಏಳು ವರ್ಷದ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ. ಈ ವ್ಯವಸ್ಥೆಗೆ ಬುನಾದಿ ಹಾಕಿದ್ದು 1893ರಲ್ಲಿ ಬಾಲ್ಟಿಮೋರ್‌ನಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಕಾಲೇಜು. ಪದವಿ ಪಡೆದವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಅದು ಬಿಗಿಯಾಗಿ ಜಾರಿಗೆ ತಂದಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಾಲಾ ಶಿಕ್ಷಕ, ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ಕಾಲೇಜುಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ದುಡ್ಡಿಗಾಗಿ ನಡೆಯುತ್ತಿದ್ದ ಎಷ್ಟೋ ಕಾಲೇಜುಗಳು ಬಾಗಿಲು ಮುಚ್ಚಿದವು, ಪ್ರಯೋಗಾಲಯದ ವಿಜ್ಞಾನ ಗಟ್ಟಿಯಾಗಿ ನೆಲೆಯೂರಿತು. ಆ ಶುದ್ಧೀಕರಣಕ್ಕೆ ಬೆಲೆಯೂ ತೆರಬೇಕಾಯಿತು. ಕಪ್ಪು ಜನರಿಗಾಗಿ ಇದ್ದ ಏಳು ಮೆಡಿಕಲ್ ಕಾಲೇಜುಗಳಲ್ಲಿ ಹೋವರ್ಡ್ ಮತ್ತು ಮೆಹಾರಿ ಎರಡೇ ಉಳಿದವು.

ಫ್ಲೆಕ್ಸ್‌ನರ್ ಕಲ್ಪಿಸಿದ ವೈದ್ಯ ವಿಜ್ಞಾನಿಯಾಗಿದ್ದ. ಹಣಕಾಸು, ಕಾನೂನು, ಸಮಾಜ ಇವುಗಳಿಗೆ ಆ ಕಲ್ಪನೆಯಲ್ಲಿ ಹೆಚ್ಚು ಜಾಗವಿರಲಿಲ್ಲ. ಓದಿನ ನಡುವೆ ಬಿಟ್ಟುಹೋಗುವವರನ್ನು ತಗ್ಗಿಸಲು 1928ರಲ್ಲಿ ಪ್ರವೇಶ ಪರೀಕ್ಷೆ ಬಂತು. ಈಗ ಎಂಕ್ಯಾಟ್ ಎಂದು ಕರೆಯುವ ಪರೀಕ್ಷೆಯ ಮೂಲ ಅದೇ. ಆ ಪರೀಕ್ಷೆಯಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಕ್ಕೆಂದೇ ಒಂದು ಭಾಗ ಸೇರಿದ್ದು 2015ರಲ್ಲಿ. ರೋಗಿಯ ಬಡತನ, ವಿಳಾಸ, ವಿದ್ಯೆ ಇವೂ ಕಾಯಿಲೆಯ ಕಾರಣಗಳೇ ಎಂದು ಪ್ರವೇಶ ಪರೀಕ್ಷೆಯೇ ಒಪ್ಪಿಕೊಂಡಂತಾಯಿತು.

ಬಿಡುವಿನ ವರ್ಷಕ್ಕೆ ಇನ್ನೊಂದು ಸರಳ ಕಾರಣವಿದೆ: ಕ್ಯಾಲೆಂಡರ್. ಅಲ್ಲಿ ಅರ್ಜಿ ಹಾಕಿದ ಮೇಲೆ ಪ್ರಬಂಧ, ಸಂದರ್ಶನ ಎಲ್ಲ ಮುಗಿದು ತರಗತಿಗೆ ಕಾಲಿಡಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಪದವಿಯ ಮೂರನೇ ವರ್ಷದ ಕೊನೆಗೇ ಅರ್ಜಿ ಸಿದ್ಧವಿಲ್ಲದಿದ್ದರೆ ಒಂದು ವರ್ಷ ತಾನಾಗಿಯೇ ಖಾಲಿ ಉಳಿಯುತ್ತದೆ. ಪೈಪೋಟಿಯೂ ಕಡಿಮೆಯಿಲ್ಲ. 2023ರಲ್ಲಿ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕಿದ್ದರು, ಸೀಟು ಸಿಕ್ಕಿ ಸೇರಿದವರು ಸುಮಾರು 23 ಸಾವಿರ. ಅಂಕಗಳ ಜೊತೆಗೆ ಅನುಭವವನ್ನೂ ತೂಗುವ ಆಯ್ಕೆ ಸಮಿತಿಗಳ ಮುಂದೆ ನಿಲ್ಲಲು ವಿದ್ಯಾರ್ಥಿಗಳು ಆ ವರ್ಷವನ್ನು ತುಂಬತೊಡಗಿದರು. ಹೀಗೆ ಒಂದು ಕಾಲಕ್ಕೆ ಅಪವಾದವಾಗಿದ್ದದ್ದು ರೂಢಿಯಾಯಿತು. ಇತ್ತೀಚಿನ ವರ್ಷಗಳಲ್ಲಿ ಮೆಡಿಕಲ್ ಕಾಲೇಜು ಸೇರುವವರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಮಂದಿ ಕನಿಷ್ಠ ಒಂದು ವರ್ಷ ಬಿಡುವು ಪಡೆದವರು. ಸೇರುವವರ ಸರಾಸರಿ ವಯಸ್ಸು ಸುಮಾರು 24.

ಆಸ್ಪತ್ರೆಯೊಳಗೆ ಹಣ ಬಂದ ದಾರಿ

ಆ ವರ್ಷವನ್ನು ಪ್ರಯೋಗಾಲಯದಲ್ಲೋ ಸೇವಾ ಸಂಸ್ಥೆಯಲ್ಲೋ ಕಳೆಯುವವರೇ ಹೆಚ್ಚು. ಕೆಲವರು ಮಾತ್ರ ವ್ಯವಹಾರ ಮತ್ತು ನೀತಿಯ ಕಡೆ ತಿರುಗುವುದು ಏಕೆಂದು ತಿಳಿಯಲು ಅಮೆರಿಕದ ಆಸ್ಪತ್ರೆಗೆ ಹಣ ಹರಿದು ಬಂದ ಕಥೆ ನೋಡಬೇಕು.

1929ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಹಿಂದೆ ಅದೇ ಊರಿನ ಶಾಲೆಗಳ ಮೇಲ್ವಿಚಾರಕರಾಗಿದ್ದವರು. ಆಸ್ಪತ್ರೆಯ ಬಾಕಿ ಬಿಲ್ಲುಗಳಲ್ಲಿ ತಮ್ಮ ಹಳೆಯ ಶಿಕ್ಷಕರ ಹೆಸರುಗಳೇ ಕಂಡಾಗ ಅವರೊಂದು ಯೋಜನೆ ಹೂಡಿದರು: ಪ್ರತಿ ಶಿಕ್ಷಕರು ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನ ಆಸ್ಪತ್ರೆಯ ಆರೈಕೆ. ಮುಂದೆ ಬ್ಲೂ ಕ್ರಾಸ್ ಎಂದು ಬೆಳೆದ ವಿಮೆಯ ಬೀಜ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿದಾಗ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದವು. ತೆರಿಗೆ ಕಾನೂನು ಅದಕ್ಕೆ ಒತ್ತಾಸೆಯಾಯಿತು. ವಿಮೆ ನೌಕರಿಗೆ ಕಟ್ಟಿಬಿದ್ದದ್ದು ಹೀಗೆ. ಕೆಲಸ ಹೋದರೆ ವಿಮೆಯೂ ಹೋಗುವ ಸ್ಥಿತಿಯ ಬೇರು ಇಲ್ಲಿದೆ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಯೋಜನೆಗಳ ಕಾಯ್ದೆಗೆ ಸಹಿ ಹಾಕಿದರು. 1983ರಲ್ಲಿ ಮೆಡಿಕೇರ್, ಆಸ್ಪತ್ರೆ ತೋರಿಸಿದ ಖರ್ಚನ್ನೆಲ್ಲ ತುಂಬಿಕೊಡುವ ಬದಲು ಕಾಯಿಲೆಯ ಗುಂಪಿಗೆ ಇಂತಿಷ್ಟು ಎಂದು ಮೊದಲೇ ದರ ಗೊತ್ತುಮಾಡಿತು. ರೋಗಿಯನ್ನು ಬೇಗ ಮನೆಗೆ ಕಳಿಸಿದಷ್ಟೂ ಆಸ್ಪತ್ರೆಗೆ ಉಳಿತಾಯ. 1986ರಲ್ಲಿ, ತುರ್ತು ಘಟಕಕ್ಕೆ ಬಂದವರನ್ನು ಹಣವಿಲ್ಲವೆಂದು ವಾಪಸು ಕಳಿಸುವಂತಿಲ್ಲ ಎಂಬ ಕಾಯ್ದೆ ಬಂತು. 2010ರಲ್ಲಿ ಒಬಾಮಾ ಸರ್ಕಾರದ ಆರೋಗ್ಯ ಕಾಯ್ದೆ. ಅದರಡಿ 2012ರ ಅಕ್ಟೋಬರ್‌ನಿಂದ, ಬಿಡುಗಡೆಯಾದ ರೋಗಿಗಳು ತಿಂಗಳೊಳಗೆ ಮರಳಿ ದಾಖಲಾಗುವ ಪ್ರಮಾಣ ಮಿತಿಮೀರಿದ ಆಸ್ಪತ್ರೆಗಳಿಗೆ ದಂಡ. 1983ರ ನಿಯಮ ಬೇಗ ಕಳಿಸು ಎಂದರೆ, 2012ರ ನಿಯಮ ಸರಿಯಾಗಿ ನೋಡಿ ಕಳಿಸು ಎನ್ನುತ್ತದೆ. ವಾರ್ಡಿನಲ್ಲಿ ನಿಂತ ಕಿರಿಯ ವೈದ್ಯ ಈ ಎರಡೂ ಒತ್ತಡಗಳ ನಡುವೆ ಕೆಲಸ ಮಾಡುತ್ತಾನೆ.

1960ರಲ್ಲಿ ಅಮೆರಿಕದ ಒಟ್ಟು ಆಂತರಿಕ ಉತ್ಪನ್ನದ ಶೇ 5ರಷ್ಟಿದ್ದ ಆರೋಗ್ಯದ ಖರ್ಚು 2023ರ ಹೊತ್ತಿಗೆ ಶೇ 17.6ಕ್ಕೆ ಏರಿತ್ತು. ಇಷ್ಟು ದೊಡ್ಡ ಹೊಳೆಯಲ್ಲಿ ಈಜಬೇಕಾದವರಿಗೆ ಹೊಳೆಯ ಸೆಳವು ತಿಳಿದಿರಬೇಡವೇ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ.

ಆ ವರ್ಷದಲ್ಲಿ ಕಲಿಯುವುದೇನು?

ಕೆಲಸಗಳು ಹಲವು ಬಗೆ. ಸಲಹಾ ಸಂಸ್ಥೆಯಲ್ಲಿ 22ರ ಹರೆಯದ ವಿಶ್ಲೇಷಕಿ ಆಸ್ಪತ್ರೆಯೊಂದರ ವರಮಾನದ ಪಟ್ಟಿ ಹಿಡಿದು ಕೂರುತ್ತಾಳೆ. ಒಂದೇ ಮಂಡಿ ಚಿಪ್ಪಿನ ಶಸ್ತ್ರಚಿಕಿತ್ಸೆಗೆ ಮೆಡಿಕೇಡ್ ಕೊಡುವುದು ಒಂದು ದರ, ಮೆಡಿಕೇರ್ ಇನ್ನೊಂದು, ಖಾಸಗಿ ವಿಮೆ ಮತ್ತೊಂದು. 2022ರ ಲೆಕ್ಕ ನೋಡಿದ ರ‍್ಯಾಂಡ್ ಸಂಸ್ಥೆಯ ಅಧ್ಯಯನದಂತೆ ಖಾಸಗಿ ವಿಮೆಗಳು ಆಸ್ಪತ್ರೆಗಳಿಗೆ ಮೆಡಿಕೇರ್ ದರದ ಸುಮಾರು ಎರಡೂವರೆ ಪಟ್ಟು ತೆರುತ್ತಿದ್ದವು. ಹಳ್ಳಿಗಾಡಿನ ಆಸ್ಪತ್ರೆ ಹೆರಿಗೆ ವಿಭಾಗವನ್ನು ಏಕೆ ಮುಚ್ಚುತ್ತದೆ, ನಗರದ ಆಸ್ಪತ್ರೆ ಹೃದಯದ ವಿಭಾಗವನ್ನು ಏಕೆ ಹಿಗ್ಗಿಸುತ್ತದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಅರ್ಧ ಉತ್ತರ ಸಿಗುತ್ತದೆ.

ನೀತಿಯ ಕಡೆ ಹೋದವರ ಕಲಿಕೆ ಬೇರೆ. ಮೆಡಿಕೇಡನ್ನು ನಡೆಸುವುದು ರಾಜ್ಯಗಳು. 2012ರಲ್ಲಿ ಸುಪ್ರೀಂ ಕೋರ್ಟ್, ಒಬಾಮಾ ಕಾಯ್ದೆಯಡಿ ಮೆಡಿಕೇಡ್ ವಿಸ್ತರಿಸುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು ಎಂದು ತೀರ್ಪಿತ್ತಿತು. ಅದರ ಫಲವಾಗಿ ಒಂದೇ ಆದಾಯದ ಬಡ ಕಾರ್ಮಿಕನಿಗೆ ನ್ಯೂ ಮೆಕ್ಸಿಕೊದಲ್ಲಿ ರಕ್ಷಣೆ ಉಂಟು, ಗಡಿ ದಾಟಿ ಟೆಕ್ಸಾಸ್‌ಗೆ ಬಂದರೆ ಇಲ್ಲ. ಕಡತಗಳ ನಡುವೆ ಕುಳಿತ ವಿದ್ಯಾರ್ಥಿಗೆ, ಸಕ್ಕರೆ ಕಾಯಿಲೆಯ ತೊಡಕುಗಳು ರಾಜ್ಯದ ಗಡಿಯನ್ನೂ ಅನುಸರಿಸುತ್ತವೆ ಎಂಬುದು ಅರ್ಥವಾಗುತ್ತದೆ.

ಈ ಎರಡರ ನಡುವೆ ಇನ್ನೊಂದು ಕೆಲಸವಿದೆ: ಸ್ಕ್ರೈಬ್. ವೈದ್ಯರ ಪಕ್ಕದಲ್ಲಿ ಕುಳಿತು ಅವರಾಡಿದ್ದನ್ನೂ ರೋಗಿ ಹೇಳಿದ್ದನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವುದು. 2009ರ ಕಾಯ್ದೆಯೊಂದು ವಿದ್ಯುನ್ಮಾನ ದಾಖಲೆಗಳಿಗೆ ಭಾರಿ ಪ್ರೋತ್ಸಾಹಧನ ಕೊಟ್ಟ ಮೇಲೆ ಈ ಕೆಲಸ ಹೆಚ್ಚಿತು. ಸಂಬಳ ಅಲ್ಪ. ಆದರೆ ರೋಗಿಯ ದುಃಖ ಬಿಲ್ಲಿನ ಸಂಕೇತವಾಗಿ ಮಾರ್ಪಡುವ ಗಳಿಗೆಯನ್ನು ಇಷ್ಟು ಹತ್ತಿರದಿಂದ ಕಾಣಲು ಬೇರೆ ಜಾಗ ಸಿಗುವುದು ಕಷ್ಟ.

ಒಂದನೇ ಪಂಥ: ವ್ಯವಸ್ಥೆಯನ್ನೂ ಓದಬೇಕು

ಈ ಪಂಥದವರ ವಾದ ಇದು: ಮೂಲ ವಿಜ್ಞಾನ, ಚಿಕಿತ್ಸಾ ವಿಜ್ಞಾನ ಎರಡರ ಜೊತೆಗೆ ಆರೋಗ್ಯ ವ್ಯವಸ್ಥೆಯ ವಿಜ್ಞಾನವೂ ವೈದ್ಯಶಿಕ್ಷಣದ ಮೂರನೇ ಕಂಬವಾಗಬೇಕು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2013ರಲ್ಲಿ 11 ಕಾಲೇಜುಗಳಿಗೆ ಅನುದಾನ ಕೊಟ್ಟು ಪಠ್ಯಸುಧಾರಣೆ ಆರಂಭಿಸಿದ ಮೇಲೆ ಈ ಮಾತಿಗೆ ಬಲ ಬಂತು.

ಅವರು ತೋರಿಸುವ ಉದಾಹರಣೆಗಳಲ್ಲಿ ಅತುಲ್ ಗವಾಂಡೆ ಮುಖ್ಯರು. ಆಕ್ಸ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿ, ಸಂಸದರ ಕಚೇರಿಯಲ್ಲಿ ದುಡಿದು ವೈದ್ಯಶಿಕ್ಷಣಕ್ಕೆ ಸೇರಿದ ಗವಾಂಡೆ, ನಡುವೆ ಓದು ನಿಲ್ಲಿಸಿ 1992ರಲ್ಲಿ ಬಿಲ್ ಕ್ಲಿಂಟನ್ ಅವರ ಚುನಾವಣಾ ತಂಡದಲ್ಲಿ ಆರೋಗ್ಯ ನೀತಿಯ ಕೆಲಸ ಮಾಡಿದರು. ಮರಳಿ ಬಂದು 1995ರಲ್ಲಿ ಪದವಿ ಪಡೆದು ಶಸ್ತ್ರವೈದ್ಯರಾದರು. 2009ರಲ್ಲಿ ಅವರು ಟೆಕ್ಸಾಸ್‌ನ ಮೆಕ್‌ಆಲನ್ ಎಂಬ ಊರಿನ ಬಗ್ಗೆ ಬರೆದ ಲೇಖನ ದೇಶದ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅದೇ ರಾಜ್ಯದ ಎಲ್ ಪಾಸೊಗೆ ಹೋಲಿಸಿದರೆ ಆ ಊರಿನಲ್ಲಿ ಮೆಡಿಕೇರ್ ರೋಗಿಯೊಬ್ಬರಿಗೆ ಸುಮಾರು ಎರಡು ಪಟ್ಟು ಖರ್ಚಾಗುತ್ತಿತ್ತು, ಆರೋಗ್ಯ ಮಾತ್ರ ಅದಕ್ಕೆ ತಕ್ಕಂತೆ ಮೇಲಿರಲಿಲ್ಲ. ಹೆಚ್ಚು ಪರೀಕ್ಷೆ, ಹೆಚ್ಚು ಶಸ್ತ್ರಚಿಕಿತ್ಸೆ ಕಾರಣವೆಂದು ಕಂಡುಕೊಳ್ಳಲು ಶಸ್ತ್ರವೈದ್ಯನ ಕಣ್ಣೂ ಬೇಕಿತ್ತು, ಅರ್ಥಶಾಸ್ತ್ರದ ಕಣ್ಣೂ ಬೇಕಿತ್ತು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ವಿವೇಕ್ ಮೂರ್ತಿ. ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಕುಟುಂಬದ ಕುಡಿ. ಪದವಿ ವಿದ್ಯಾರ್ಥಿಯಾಗಿದ್ದಾಗಲೇ 1995ರಲ್ಲಿ ಭಾರತ ಮತ್ತು ಅಮೆರಿಕದಲ್ಲಿ ಎಚ್‌ಐವಿ ಜಾಗೃತಿ ಮೂಡಿಸುವ ಸಂಸ್ಥೆ ಕಟ್ಟುವಲ್ಲಿ ಕೈಜೋಡಿಸಿದರು. 2003ರಲ್ಲಿ ಯೇಲ್‌ನಿಂದ ವೈದ್ಯಪದವಿಯನ್ನೂ ಎಂಬಿಎಯನ್ನೂ ಒಟ್ಟಿಗೆ ಪಡೆದರು. 2014ರ ಡಿಸೆಂಬರ್‌ನಲ್ಲಿ, 37ರ ವಯಸ್ಸಿಗೆ, ಅಮೆರಿಕದ ಸರ್ಜನ್ ಜನರಲ್ ಆಗಿ ನೇಮಕಗೊಂಡರು. 2021ರಲ್ಲಿ ಎರಡನೇ ಬಾರಿ ಆ ಹೊಣೆ ಹೊತ್ತು, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸರ್ಕಾರದ ಮಟ್ಟದಲ್ಲಿ ಎತ್ತಿ ತೋರಿದರು.

ಈ ಪಂಥ ಹಲವು ಸಂಗತಿಗಳನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಗವಾಂಡೆ, ಮೂರ್ತಿಯವರಂಥವರು ಅಸಾಧಾರಣರು. ಆ ಅನುಭವ ಅವರನ್ನು ರೂಪಿಸಿತೋ, ಅಂಥವರೇ ಆ ಅನುಭವವನ್ನು ಅರಸಿ ಹೋದರೋ ಎಂಬುದನ್ನು ಬಿಡಿಸಿ ಹೇಳಲು ಈ ಉದಾಹರಣೆಗಳಿಂದ ಆಗದು.

ಎರಡನೇ ಪಂಥ: ಆಸ್ಪತ್ರೆಯ ಚುಕ್ಕಾಣಿ ವೈದ್ಯರ ಕೈಯಲ್ಲಿರಲಿ

ಎರಡನೆಯವರು ವ್ಯವಹಾರಕ್ಕೆ ಅಂಜುವುದಿಲ್ಲ. ಆಸ್ಪತ್ರೆ ಹೇಗೂ ದುಡ್ಡಿನ ಮೇಲೆ ನಡೆಯುತ್ತದೆ, ಆ ದುಡ್ಡಿನ ತೀರ್ಮಾನ ವೈದ್ಯ ಮಾಡದಿದ್ದರೆ ವೈದ್ಯನಲ್ಲದವನು ಮಾಡುತ್ತಾನೆ ಎಂಬುದು ಅವರ ನಿಲುವು. ಅಮೆರಿಕದಲ್ಲಿ ವೈದ್ಯಪದವಿಯನ್ನೂ ಎಂಬಿಎಯನ್ನೂ ಜೋಡಿಸಿ ಕೊಡುವ ಕೋರ್ಸುಗಳು ಇಂದು ಹತ್ತಾರು ಇವೆ. ಸಂಶೋಧಕಿ ಅಮಾಂಡಾ ಗುಡಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಅಗ್ರ ಆಸ್ಪತ್ರೆಗಳ ಪೈಕಿ ವೈದ್ಯರು ಮುಖ್ಯಸ್ಥರಾಗಿರುವಲ್ಲಿ ಗುಣಮಟ್ಟದ ಅಂಕ ಸುಮಾರು ಶೇ 25ರಷ್ಟು ಹೆಚ್ಚಿತ್ತು. ಒಳ್ಳೆಯ ಆಸ್ಪತ್ರೆಗಳೇ ವೈದ್ಯರನ್ನು ಮುಖ್ಯಸ್ಥರಾಗಿ ಆರಿಸಿಕೊಂಡಿರಲೂಬಹುದು ಎಂಬ ಸಾಧ್ಯತೆಯನ್ನು ಆ ಅಧ್ಯಯನ ತಳ್ಳಿಹಾಕುವುದಿಲ್ಲ.

ಈ ಪಂಥಕ್ಕೆ ಕರ್ನಾಟಕವೂ ಒಂದು ಪಾಠವನ್ನು ಒದಗಿಸಿದೆ. ಬೆಂಗಳೂರಿನ ನಾರಾಯಣ ಹೃದಯಾಲಯದ ಮೇಲೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2005ರಲ್ಲಿ ಪಾಠಪ್ರಕರಣ ಸಿದ್ಧಪಡಿಸಿತು. ಹೆಚ್ಚು ಸಂಖ್ಯೆಯ ಶಸ್ತ್ರಚಿಕಿತ್ಸೆ ನಡೆಸಿ ಒಂದೊಂದರ ವೆಚ್ಚ ಇಳಿಸುವ, ಉಳ್ಳವರ ಶುಲ್ಕದಿಂದ ಇಲ್ಲದವರಿಗೆ ಆಸರೆ ಕೊಡುವ, ಅದರ ಸ್ಥಾಪಕ ಡಾ. ದೇವಿ ಶೆಟ್ಟಿಯವರ ಮಾದರಿಯನ್ನು ಅಮೆರಿಕದ ವಿದ್ಯಾರ್ಥಿಗಳು ತರಗತಿಯಲ್ಲಿ ಓದಿದರು.

ಮೂರನೇ ಪಂಥ: ಮೊದಲ ಪಾಠ ರೋಗಿಯಿಂದಲೇ

1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಸಂಪಾದಕ ಆರ್ನಲ್ಡ್ ರೆಲ್ಮನ್ ಒಂದು ಎಚ್ಚರಿಕೆ ಕೊಟ್ಟರು. ಲಾಭಕ್ಕಾಗಿ ನಡೆಯುವ ಆಸ್ಪತ್ರೆ, ಪ್ರಯೋಗಾಲಯ, ಡಯಾಲಿಸಿಸ್ ಕೇಂದ್ರಗಳೆಲ್ಲ ಸೇರಿ ಹೊಸ ವೈದ್ಯಕೀಯ ಉದ್ಯಮಕೂಟ ಬೆಳೆಯುತ್ತಿದೆ, ಅದರಲ್ಲಿ ವೈದ್ಯರು ಹಣ ಹೂಡಕೂಡದು ಎಂದರು. ಅದಕ್ಕೂ ಮೊದಲು, 1963ರಲ್ಲಿ, ಅರ್ಥಶಾಸ್ತ್ರಜ್ಞ ಕೆನೆತ್ ಆರೊ ವೈದ್ಯಸೇವೆ ಉಳಿದ ಸರಕುಗಳಂತಲ್ಲ ಎಂದು ತೋರಿಸಿದ್ದರು. ತನಗೆ ಏನು ಬೇಕೆಂದು ರೋಗಿಗೆ ಗೊತ್ತಿರುವುದಿಲ್ಲ, ಕಾಯಿಲೆ ಯಾವಾಗ ಬರುತ್ತದೆಂದೂ ಗೊತ್ತಿರುವುದಿಲ್ಲ. ಆದ್ದರಿಂದ ಆತ ವೈದ್ಯನನ್ನು ನಂಬಲೇಬೇಕು. ಆ ನಂಬಿಕೆಯೇ ಇಡೀ ವ್ಯವಹಾರದ ಅಡಿಗಲ್ಲು.

ಇಪ್ಪತ್ತೆರಡರ ಎಳೆಯ ಮನಸ್ಸು ಮೊದಲು ರೋಗಿಯ ಮುಖ ನೋಡಬೇಕು, ಲಾಭದ ಪಟ್ಟಿಯನ್ನಲ್ಲ ಎಂಬುದು ಈ ಪಂಥದ ಕಾಳಜಿ. ಅದಕ್ಕೆ ಆಧಾರವಿದೆ. 2023ರ ಡಿಸೆಂಬರ್‌ನಲ್ಲಿ ‘ಜಾಮಾ’ ಪತ್ರಿಕೆ ಪ್ರಕಟಿಸಿದ ಅಧ್ಯಯನದಂತೆ, ಲಾಭಕ್ಕಾಗಿ ಹಣ ಹೂಡುವ ಪ್ರೈವೇಟ್ ಈಕ್ವಿಟಿ ಸಂಸ್ಥೆಗಳು ಕೊಂಡ ಆಸ್ಪತ್ರೆಗಳಲ್ಲಿ ರೋಗಿಗಳು ಬೀಳುವುದು, ಸೋಂಕು ತಗುಲುವುದು ಮುಂತಾದ ಅವಘಡಗಳು ಇತರ ಆಸ್ಪತ್ರೆಗಳಿಗೆ ಹೋಲಿಸಿದರೆ ಸುಮಾರು ಶೇ 25ರಷ್ಟು ಹೆಚ್ಚಿದವು. ಒಪಿಯಾಯ್ಡ್ ನೋವುಮಾತ್ರೆಗಳ ಮಾರಾಟ ಹೆಚ್ಚಿಸಲು ಸಲಹೆ ಕೊಟ್ಟ ಆರೋಪದ ಮೇಲೆ ಮೆಕಿನ್ಸಿ ಸಲಹಾ ಸಂಸ್ಥೆ 2021ರಲ್ಲಿ ರಾಜ್ಯಗಳೊಡನೆ ಸುಮಾರು 57 ಕೋಟಿ ಡಾಲರ್‌ಗಳ ರಾಜಿ ಮಾಡಿಕೊಂಡಿತು. ಹೆಸರಾಂತ ಕಚೇರಿಯ ಮೊದಲ ಪಾಠಗಳೆಲ್ಲ ರೋಗಿಯ ಹಿತದ ಪಾಠಗಳಾಗಿರುತ್ತವೆ ಎಂದು ಭಾವಿಸುವಂತಿಲ್ಲ.

ಇದೇ ಪಂಥದಲ್ಲಿ ಇನ್ನೊಂದು ದನಿಯೂ ಇದೆ. ವಿಜ್ಞಾನದ ಹೊರಗಿನ ಓದು ಬೇಕು, ಆದರೆ ಅದು ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಆಗಿರಲಿ ಎನ್ನುವ ದನಿ. ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಕಾಲೇಜು 1987ರಿಂದ ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆ ಎಂಕ್ಯಾಟ್ ಇಲ್ಲದೆಯೇ ಸೀಟು ಕೊಡತೊಡಗಿತು. ಅವರು ವಿಜ್ಞಾನ ಓದಿ ಬಂದವರಿಗೆ ಸರಿಸಮವಾಗಿ ಸಾಗಿದರೆಂದು 2010ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು.

ನಾಲ್ಕನೇ ಪಂಥ: ಕಾಲ, ಸಾಲ ಮತ್ತು ಯಾರಿಗೆ ಸಾಧ್ಯ ಎಂಬ ಪ್ರಶ್ನೆ

ವೈದ್ಯನಾಗುವ ದಾರಿ ಈಗಲೇ ಬಲು ಉದ್ದ, ಅದನ್ನು ಇನ್ನೂ ಎಳೆಯಬೇಡಿ ಎನ್ನುವವರು ನಾಲ್ಕನೆಯವರು. ವೈದ್ಯ ಎಝೀಕಿಯಲ್ ಇಮ್ಯಾನುಯೆಲ್ ಮತ್ತು ಅರ್ಥಶಾಸ್ತ್ರಜ್ಞ ವಿಕ್ಟರ್ ಫ್ಯೂಕ್ಸ್ 2012ರಲ್ಲಿ, ಒಟ್ಟು ತರಬೇತಿಯ ಅವಧಿಯನ್ನು ಶೇ 30ರಷ್ಟು ತಗ್ಗಿಸಬಹುದೆಂದು ವಾದಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯ 2013ರಲ್ಲಿ ಮೂರು ವರ್ಷದ ವೈದ್ಯಪದವಿ ಆರಂಭಿಸಿತು. 2036ರ ಹೊತ್ತಿಗೆ ಅಮೆರಿಕಕ್ಕೆ 86 ಸಾವಿರದವರೆಗೆ ವೈದ್ಯರ ಕೊರತೆ ಬೀಳಬಹುದೆಂಬ ಅಂದಾಜು ಈ ವಾದಕ್ಕೆ ಕಾವು ಕೊಟ್ಟಿದೆ. ಸಾಲ ಮಾಡಿ ಓದಿದ ವಿದ್ಯಾರ್ಥಿಗಳ ಸಾಲದ ಮಧ್ಯಾಂಕ ಸುಮಾರು 2 ಲಕ್ಷ ಡಾಲರ್. ಒಂದು ವರ್ಷ ತಡವೆಂದರೆ ತಜ್ಞವೈದ್ಯನಾಗಿ ದುಡಿಯುವ ಒಂದು ವರ್ಷದ ಸಂಬಳವೂ ಕೈತಪ್ಪಿದಂತೆ.

ಇದಕ್ಕಿಂತ ಗಂಭೀರವಾದದ್ದು ನ್ಯಾಯದ ಪ್ರಶ್ನೆ. ಸಲಹಾ ಸಂಸ್ಥೆಯ ಕೆಲಸಕ್ಕೆ ಒಳ್ಳೆಯ ಸಂಬಳವಿದೆ, ಆದರೆ ಅಲ್ಲಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ. ನೀತಿ ಸಂಸ್ಥೆಗಳ ಎಷ್ಟೋ ಅವಕಾಶಗಳು ಅಲ್ಪ ಸಂಬಳದವು, ಕೆಲವು ಪೂರಾ ಉಚಿತ ದುಡಿಮೆ. ವಾಷಿಂಗ್ಟನ್ನಿನ ಬಾಡಿಗೆಯನ್ನು ಮನೆಯವರು ಕಟ್ಟಬಲ್ಲ ಮಗನಿಗೆ ಅದು ಅನುಭವ. ಮನೆಗೇ ಹಣ ಕಳಿಸಬೇಕಾದ ಮಗಳಿಗೆ ಅದು ಎಟುಕದ ಕೊಂಬೆ. ಆಯ್ಕೆ ಸಮಿತಿ ಅಂಥ ಅನುಭವವನ್ನು ಮೆಚ್ಚಿದಷ್ಟೂ, ಹೆತ್ತವರ ಹಣವನ್ನೇ ಮೆಚ್ಚಿದಂತಾಗುವ ಅಪಾಯವಿದೆ. ಬಡರೋಗಿಯ ಬಿಲ್ಲನ್ನು ಚೆನ್ನಾಗಿ ಬಲ್ಲವಳು ಅಂಥ ಬಿಲ್ಲು ಕಟ್ಟಲಾಗದ ಮನೆಯಿಂದ ಬಂದವಳೇ. ಅವಳ ಅರ್ಜಿಯಲ್ಲಿ ಆ ತಿಳಿವಳಿಕೆಗೆ ಅಂಕಣವೇ ಇರುವುದಿಲ್ಲ.

ಕರ್ನಾಟಕದಿಂದ ಕಾಣುವ ನೋಟ

ಬಿಡುವಿನ ವರ್ಷ ನಮ್ಮಲ್ಲೂ ಇದೆ, ಅದರ ಹೆಸರು ಬೇರೆ: ಲಾಂಗ್ ಟರ್ಮ್, ರಿಪೀಟರ್ ಬ್ಯಾಚ್. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು, ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಸೀಟು ತಪ್ಪಿದವರು ಹಾಸ್ಟೆಲ್ಲಿನಲ್ಲಿ ಕುಳಿತು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಬಹು ಆಯ್ಕೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಬಿಡಿಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಸ್ತಿಲನ್ನು ತುಳಿಯಲು ಆ ವರ್ಷದಲ್ಲಿ ಅವರಿಗೆ ಬಿಡುವೂ ಇಲ್ಲ, ಕಾರಣವೂ ಇಲ್ಲ. ಅನುಭವಕ್ಕೆ ಅಂಕವಿಲ್ಲದ ಈ ಪದ್ಧತಿಯಲ್ಲಿ ಒಂದು ಬಗೆಯ ಸಮಾನತೆ ಇರುವುದೂ ನಿಜ: ಉಚಿತವಾಗಿ ದುಡಿಯಬಲ್ಲವರಿಗೆ ಇಲ್ಲಿ ಹೆಚ್ಚಿನ ಅನುಕೂಲವಿಲ್ಲ. ಕೋಚಿಂಗ್ ಶುಲ್ಕ ಕಟ್ಟಬಲ್ಲವರಿಗೆ ಇದೆ.

ಆರೋಗ್ಯದ ವ್ಯವಹಾರ, ನೀತಿಗಳ ಪಾಠಕ್ಕೆ ಕರ್ನಾಟಕದಲ್ಲಿ ಸಾಮಗ್ರಿಗೇನೂ ಬರವಿಲ್ಲ. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್‌ಬಾ ಮೆಡಿಕಲ್ ಕಾಲೇಜು ಆರಂಭಿಸಿದಾಗ, ವಿದ್ಯಾರ್ಥಿಗಳ ಶುಲ್ಕದಿಂದ ಖಾಸಗಿ ವೈದ್ಯಶಿಕ್ಷಣ ನಡೆಸುವ ಹೊಸ ದಾರಿ ತೆರೆಯಿತು. 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರಿಂದ ತಿಂಗಳಿಗೆ 5 ರೂಪಾಯಿ ಪಡೆದು ಶಸ್ತ್ರಚಿಕಿತ್ಸೆಗೆ ರಕ್ಷಣೆ ಕೊಟ್ಟಿತು. ಡಲ್ಲಾಸ್‌ನ ಶಿಕ್ಷಕರ 50 ಸೆಂಟಿಗೂ ನಮ್ಮ ರೈತರ 5 ರೂಪಾಯಿಗೂ ನಡುವೆ ಮುಕ್ಕಾಲು ಶತಮಾನದ ಅಂತರವಿದ್ದರೂ ಹಿಂದಿನ ಲೆಕ್ಕ ಒಂದೇ: ಹಲವರು ಹನಿಹನಿಯಾಗಿ ಹಾಕಿದ್ದು ಕಾಯಿಲೆ ಬಿದ್ದ ಕೆಲವರನ್ನು ಕಾಯಬೇಕು. 2017ರ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣ ಕಾಯ್ದೆಯ ತಿದ್ದುಪಡಿಗೆ ವಿರೋಧವಾಗಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ದರ ನಿಗದಿ ಸರ್ಕಾರದ ಹಕ್ಕೇ, ಆಸ್ಪತ್ರೆಯ ಹಕ್ಕೇ ಎಂಬ ಆ ಜಗಳ ಮೆಡಿಕಲ್ ವಿದ್ಯಾರ್ಥಿಯ ಪಠ್ಯದಲ್ಲಿ ಇರಬೇಕಾದದ್ದು.

ಇನ್ನೂ ಇತ್ಯರ್ಥವಾಗದ ಸಂಗತಿಗಳು

ಮೊದಲನೆಯದು, ಪುರಾವೆ. ವ್ಯವಹಾರ ಅಥವಾ ನೀತಿಯಲ್ಲಿ ಒಂದು ವರ್ಷ ಕಳೆದವರ ರೋಗಿಗಳು ಹೆಚ್ಚು ಸುಖವಾಗಿದ್ದಾರೆಯೇ? ಇದಕ್ಕೆ ಖಚಿತ ಉತ್ತರ ಪಡೆಯುವುದು ಕಷ್ಟ. ಆ ದಾರಿ ಹಿಡಿಯುವವರು ಮೊದಲೇ ಬೇರೆ ಬಗೆಯವರು. ಚೀಟಿ ಎತ್ತಿ ಕೆಲವರನ್ನು ಸಲಹಾ ಸಂಸ್ಥೆಗೂ ಕೆಲವರನ್ನು ನೇರ ಕಾಲೇಜಿಗೂ ಕಳಿಸುವಂತಿಲ್ಲ.

ಎರಡನೆಯದು, ಕಾಲಘಟ್ಟ. ಈ ಪಾಠ ವೈದ್ಯಶಿಕ್ಷಣಕ್ಕೆ ಮೊದಲು ಬೇಕೋ, ನಡುವೆ ಬೇಕೋ, ಮುಗಿದ ಮೇಲೋ? ಗವಾಂಡೆ ನಡುವೆ ಹೊರಬಿದ್ದು ಮರಳಿದರು, ಮೂರ್ತಿ ಎರಡನ್ನೂ ಒಟ್ಟಿಗೆ ಓದಿದರು. ರೋಗಿಯನ್ನು ಮುಟ್ಟಿ ನೋಡಿದ ಮೇಲೆ ಬಜೆಟ್ಟಿನ ಅಂಕಿ ಬೇರೆಯದೇ ಅರ್ಥ ಕೊಡುತ್ತದೆ ಎನ್ನುವವರಿದ್ದಾರೆ. ಆ ಹೊತ್ತಿಗೆ ಬಿಡುವೇ ಸಿಗುವುದಿಲ್ಲ ಎನ್ನುವವರೂ ಇದ್ದಾರೆ.

ಮೂರನೆಯದು, ಕೆಲಸದ ಸ್ವರೂಪ. ವೈದ್ಯ ಮತ್ತು ರೋಗಿಯ ಮಾತು ಕೇಳಿಸಿಕೊಂಡು ತಾನೇ ದಾಖಲೆ ಬರೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅಮೆರಿಕದ ಆಸ್ಪತ್ರೆಗಳಿಗೆ ಬಂದಿವೆ. ಸಾಮಾನ್ಯ ಮನೆಯ ಮಕ್ಕಳಿಗೂ ಸಿಗುತ್ತಿದ್ದ ಸ್ಕ್ರೈಬ್ ಕೆಲಸ ಎಷ್ಟು ದಿನ ಉಳಿಯುತ್ತದೋ ತಿಳಿಯದು.

ನಾಲ್ಕನೆಯದು, ಸಾಲದ ಹೊಸ ಲೆಕ್ಕ. 2025ರ ಜುಲೈನಲ್ಲಿ ಸಹಿಯಾದ ಅಮೆರಿಕದ ಕಾಯ್ದೆ, 2026ರ ಜುಲೈ 1ರಿಂದ ಅನ್ವಯಿಸುವಂತೆ, ವೈದ್ಯಶಿಕ್ಷಣವೂ ಸೇರಿದ ವೃತ್ತಿ ಕೋರ್ಸುಗಳಿಗೆ ಕೇಂದ್ರ ಸರ್ಕಾರದ ಸಾಲವನ್ನು ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್‌ಗೆ ಮಿತಿಗೊಳಿಸಿದೆ. ಬಿಡುವಿನ ವರ್ಷ ಇನ್ನು ಮುಂದೆ ಅನುಭವಕ್ಕಿಂತ ಹೆಚ್ಚಾಗಿ ಉಳಿತಾಯಕ್ಕಾಗಿ ಬೇಕಾಗಬಹುದು. ಆಗ ಕಡಿಮೆ ಸಂಬಳದ ನೀತಿ ಸಂಸ್ಥೆಗಳಿಗೆ ಯಾರು ಬರುತ್ತಾರೆ ಎಂಬ ಪ್ರಶ್ನೆ ಎದುರಾಗುತ್ತದೆ.

ಎಲ್ಲ ವಾದಗಳನ್ನೂ ತೂಗಿದಾಗ ಇಷ್ಟು ಹೇಳಬಹುದು: ವೈದ್ಯನಾಗುವವನಿಗೆ ಹಣದ ದಾರಿ ತಿಳಿದಿರಬೇಕು, ಆ ತಿಳಿವಳಿಕೆ ಹಣವುಳ್ಳವರ ಮನೆಯ ಮಕ್ಕಳಿಗಷ್ಟೇ ಮೀಸಲಾಗಬಾರದು. ಬಿಡುವಿನ ವರ್ಷದ ಅನುಭವಕ್ಕೆ ಬೆಲೆ ಕೊಡುವ ಮೆಡಿಕಲ್ ಕಾಲೇಜುಗಳು ಅಂಥ ಕೆಲಸಗಳಿಗೆ ಸಂಬಳ ಸಿಗುವಂತೆ ನೋಡಿಕೊಳ್ಳಲಿ, ಮನೆಯ ಹೊಣೆ ಹೊತ್ತು ದುಡಿದವರ ಅನುಭವವನ್ನೂ ಅದೇ ತಕ್ಕಡಿಯಲ್ಲಿ ತೂಗಲಿ. ಆ ವರ್ಷವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು, ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳೂ ಸೇರಿ, ಕೆಲಸ ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇಲ್ಲಿ ಸಿದ್ಧವಾಗುವ ಬಿಲ್ಲನ್ನು ಕೈಯಲ್ಲಿ ಹಿಡಿದ ರೋಗಿಯನ್ನು ವಾರಕ್ಕೊಮ್ಮೆಯಾದರೂ ಎದುರು ಕೂತು ಮಾತಾಡಿಸಲು ಆಗುತ್ತದೆಯೇ? ಆಗುವುದಿಲ್ಲವೆಂದಾದರೆ, ಸಂಜೆಯ ಹೊತ್ತು ಊರಿನ ಉಚಿತ ಚಿಕಿತ್ಸಾಲಯದಲ್ಲಿ ಒಂದೆರಡು ಗಂಟೆ ಕೆಲಸ ಹುಡುಕಿಕೊಳ್ಳಲಿ.